ಮುಟ್ಟಬಾರದ ಎರಡು ರಾಡುಗಳು

ರಾಜಾಜಿನಗರದ ಒಂದು ಸಣ್ಣ ಆರೋಗ್ಯ ಕೇಂದ್ರಕ್ಕೆ ನಾನು ನರ್ಸಾಗಿ ಸೇರಿದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಆಗ ನನಗೆ ಇಪ್ಪತ್ತಾರು ವರ್ಷ. ಕೇಂದ್ರದ ಒಳಗೆ ಕೂತು ಮಾಡುವ ಕೆಲಸಕ್ಕಿಂತ ಹೊರಗೆ ತಿರುಗುವ ಕೆಲಸವೇ ಹೆಚ್ಚು. ಪ್ರತಿ ಗುರುವಾರ ಜೀಪಿನಲ್ಲಿ ಮಾಗಡಿ ರಸ್ತೆ ಹಿಡಿದು ಹೋಗಬೇಕು. ಶ್ರೀಗಂಧದ ಕಾವಲಿನ ಆಚೆಗಿದ್ದ ಮೂರು ಹಳ್ಳಿಗಳಲ್ಲಿ ಎಳೆಯ ಮಕ್ಕಳಿಗೆ ಚುಚ್ಚುಮದ್ದು ಹಾಕಿ, ಬಸುರಿಯರನ್ನು ಪರೀಕ್ಷಿಸಿ, ಸಂಜೆಯೊಳಗೆ ವಾಪಸು ಬರಬೇಕು.

ಈಗ ಅಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಆಗ ಕಾವಲು ಅಂದರೆ ನಿಜಕ್ಕೂ ಕಾವಲೇ. ಕುರುಚಲು ಗಿಡ, ರಾಗಿ ಹೊಲ, ನಡುವೆ ಎತ್ತಿನ ಗಾಡಿ ಓಡಾಡಿ ಆದ ಜಾಡು. ಬೇಸಿಗೆಯಲ್ಲಿ ಆ ಜಾಡಿನಲ್ಲಿ ಧೂಳು ಕುಡಿದುಕೊಂಡು ಹೇಗೋ ಹೋಗುತ್ತಿದ್ದೆವು. ಒಂದು ಒಳ್ಳೆಯ ಮಳೆ ಬಿದ್ದರೆ ಸಾಕು, ಅದರ ಕೆಂಪುಮಣ್ಣು ನಾದಿದ ಹಿಟ್ಟಿನ ಹಾಗೆ ಚಕ್ರಕ್ಕೆ ಮೆತ್ತಿಕೊಂಡುಬಿಡುತ್ತಿತ್ತು.

ಜೀಪು ನಮ್ಮ ಕೇಂದ್ರಕ್ಕೆ ಹೊಸದಾಗಿ ಬಂದದ್ದಲ್ಲ. ಬೇರೆ ಯಾವುದೋ ಕಚೇರಿಯಲ್ಲಿ ಸಾಕಾಗುವಷ್ಟು ಓಡಿ, ಬಣ್ಣ ಬದಲಿಸಿಕೊಂಡು ನಮ್ಮಲ್ಲಿಗೆ ಬಂದಿತ್ತು. ಅದರ ಜೊತೆಗೇ ಡ್ರೈವರೂ ಬಂದಿದ್ದರು. ಐವತ್ತರ ಹತ್ತಿರದ ಮನುಷ್ಯ. ಹಿಂದೆ ಮೈಸೂರು ರಸ್ತೆಯಲ್ಲಿ ಲಾರಿ ಓಡಿಸಿದ್ದವರು. ಮಾತು ಕಡಿಮೆ. ಖಾಕಿ ಅಂಗಿಗೆ ದಿನಾ ಇಸ್ತ್ರಿ ಇರಲೇಬೇಕು. ಗಾಡಿಯನ್ನು ಮಾತ್ರ ಮನೆಯ ಹಸುವಿನ ಹಾಗೆ ಉಜ್ಜಿ ತೊಳೆದು ಇಟ್ಟುಕೊಳ್ಳುತ್ತಿದ್ದರು. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ, ಅವರು ನನ್ನನ್ನು ಸಿಸ್ಟರ್ ಅನ್ನುತ್ತಿದ್ದರು.

ಆ ಜೀಪಿನಲ್ಲಿ ಗೇರ್ ರಾಡು ಒಂದಲ್ಲ, ಮೂರು. ಉದ್ದದ್ದು ಎಲ್ಲಾ ಗಾಡಿಗಳಲ್ಲೂ ಇರುವಂಥದ್ದು. ಅದರ ಪಕ್ಕದಲ್ಲಿ, ನನ್ನ ಸೀಟಿನ ಕಡೆಗೆ, ಎರಡು ಗಿಡ್ಡ ರಾಡುಗಳಿದ್ದವು. ಅವೆರಡನ್ನೂ ಸೇರಿಸಿ ತೆಂಗಿನ ಹಗ್ಗದಿಂದ ಬಿಗಿಯಾಗಿ ಸುತ್ತಿ ಗಂಟು ಹಾಕಿದ್ದರು. ಮೊದಲ ದಿನವೇ ಕೇಳಿದೆ.

“ಇವು ಯಾವುದಕ್ಕಣ್ಣಾ?”

“ಅದು ಮಿಲಿಟ್ರಿಯೋರಿಗೆ ಸಿಸ್ಟರ್. ನಮಗಲ್ಲ. ಮುಟ್ಟಬೇಡಿ.”

ಅಷ್ಟಕ್ಕೆ ಬಿಟ್ಟೆ. ನನಗೂ ಗಾಡಿಯ ವಿಷಯ ಏನೂ ಗೊತ್ತಿರಲಿಲ್ಲ.

ಮಳೆಗಾಲ ಶುರುವಾದ ಮೇಲೆ ನನ್ನ ತಾಳ್ಮೆಯ ಪರೀಕ್ಷೆಯೂ ಶುರುವಾಯಿತು. ಹೋದ ಪ್ರತಿ ಗುರುವಾರವೂ ಗಾಡಿ ಹೂತುಕೊಳ್ಳುವುದು. ಹಿಂದಿನ ಎರಡು ಚಕ್ರ ಗರಗರ ತಿರುಗಿ ಕೆಸರು ಎರಚುವುದು, ಮುಂದಿನ ಎರಡು ಚಕ್ರ ತಮಗೆ ಸಂಬಂಧವೇ ಇಲ್ಲವೇನೋ ಅನ್ನುವ ಹಾಗೆ ಸುಮ್ಮನೆ ನಿಂತಿರುವುದು. ಡ್ರೈವರಣ್ಣ ಇಳಿದು ಚಕ್ರದ ಕೆಳಗೆ ಕಲ್ಲು, ಲಂಟಾನದ ಕೊಂಬೆ ತುರುಕುವುದು. ಹೊಲದಲ್ಲಿದ್ದವರನ್ನು ಕೂಗಿ ಕರೆಯುವುದು. ನಾನು ಸೀರೆ ಎತ್ತಿ ಕಟ್ಟಿಕೊಂಡು ಅವರ ಜೊತೆ ತಳ್ಳುವುದು. ಒಂದು ಸಲ ಎತ್ತು ಕಟ್ಟಿ ಎಳೆಸಿದೆವು. ಎತ್ತಿನ ಯಜಮಾನ ಹಗ್ಗ ಬಿಚ್ಚುತ್ತಾ, “ಎತ್ತಿನ ಗಾಡೀಲೇ ಬಂದಿದ್ರೆ ಇಷ್ಟೊತ್ತಿಗೆ ಊರು ಸೇರ್ತಿದ್ರಲ್ಲಮ್ಮಾ,” ಅಂದ. ತಮಾಷೆಗೆ ಹೇಳಿದ್ದಲ್ಲ. ನಿಜವನ್ನೇ ಹೇಳಿದ್ದ.

ನನ್ನ ಚಿಂತೆ ಕಾಲಿಗೆ ಮೆತ್ತಿದ ಕೆಸರಿನದಲ್ಲ. ಚುಚ್ಚುಮದ್ದಿನ ಸೀಸೆಗಳನ್ನು ಐಸ್ ತುಂಬಿದ ಎರಡು ದೊಡ್ಡ ಫ್ಲಾಸ್ಕಿನಲ್ಲಿ ಒಯ್ಯುತ್ತಿದ್ದೆವು. ಐಸ್ ಕರಗಿ ನೀರು ಬಿಸಿಯಾದರೆ ಮದ್ದು ಕೆಟ್ಟಿತು ಅಂತಲೇ ಲೆಕ್ಕ, ಹಾಕುವ ಹಾಗಿಲ್ಲ. ಎರಡು ಗುರುವಾರ ಹಾಗೇ ಆಯಿತು. ಊರು ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ, ಫ್ಲಾಸ್ಕಿನಲ್ಲಿ ಬೆಚ್ಚಗಿನ ನೀರು. ಎರಡನೆಯ ಸಲ, ಒಬ್ಬ ಹೆಂಗಸು ಕಂಕುಳಲ್ಲಿ ಐದು ತಿಂಗಳ ಮಗು ಇಟ್ಟುಕೊಂಡು ಶಾಲೆಯ ಜಗಲಿಯ ಮೇಲೆ ಕೂತೇ ಇದ್ದಳು. ಪಕ್ಕದ ಹಟ್ಟಿಯಿಂದ ನಡೆದು ಬಂದವಳು.

“ಇವತ್ತೂ ಇಲ್ವಾ?” ಅಂದಳು.

“ಇಲ್ಲಮ್ಮಾ. ಮದ್ದು ಕೆಟ್ಟೋಗಿದೆ. ಮುಂದಿನ ವಾರ ಬಾ.”

“ಹೋದ ವಾರಾನೂ ಅದೇ ಅಂದ್ರಿ. ಎರಡು ದಿನದ ಕೂಲಿ ಬಿಟ್ಟಿದೀನಿ ಕಣಕ್ಕಾ. ನೀವು ಬರೋ ಹಾಗಿದ್ರೆ ಬನ್ನಿ, ಇಲ್ದಿದ್ರೆ ಇಲ್ಲ ಅಂತ ಹೇಳ್ಬಿಡಿ.”

ಅವಳು ಸಿಟ್ಟು ಮಾಡಲಿಲ್ಲ. ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದು ಹೋದಳು. ಬೈದಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ. ವಾಪಸು ಬರುವಾಗ ಹಗ್ಗ ಸುತ್ತಿದ ಆ ಎರಡು ರಾಡುಗಳನ್ನೇ ನೋಡುತ್ತಾ ಕೂತೆ. ಅವುಗಳ ಎದುರಿಗೆ, ಡ್ಯಾಷ್‌ಬೋರ್ಡಿನ ಮೇಲೆ, ಕೈಯಗಲದ ಒಂದು ತಗಡಿನ ಫಲಕ ಇತ್ತು. ಧೂಳು ಒರೆಸಿ ಓದಿದೆ. ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ, ರಾಡುಗಳ ಚಿತ್ರ ಬರೆದು ಯಾವುದನ್ನು ಯಾವಾಗ ಎಳೆಯಬೇಕು ಅಂತ ಕೊಟ್ಟಿದ್ದರು. ಒಂದು ರಾಡು ಮುಂದಿನ ಚಕ್ರಗಳಿಗೆ ಇಂಜಿನ್ನಿನ ಶಕ್ತಿಯನ್ನು ಸೇರಿಸುವುದಕ್ಕೆ. ಇನ್ನೊಂದು, ವೇಗ ಕಡಿಮೆ ಮಾಡಿ ಎಳೆಯುವ ಬಲ ಹೆಚ್ಚಿಸುವುದಕ್ಕೆ.

ಅಂದರೆ ಇಷ್ಟು ದಿನ ನಾವು ನಾಲ್ಕು ಚಕ್ರ ಎಳೆಯುವ ಗಾಡಿಯಲ್ಲಿ ಕೂತು, ಎರಡೇ ಚಕ್ರದಲ್ಲಿ ಒದ್ದಾಡುತ್ತಿದ್ದೆವು.

“ಅಣ್ಣಾ, ಇದನ್ನ ಹಾಕಿದ್ರೆ ಮುಂದಿನ ಚಕ್ರಾನೂ ಎಳೆಯುತ್ತಂತೆ!”

“ಗೊತ್ತು,” ಅಂದರು ಅವರು, ರಸ್ತೆಯಿಂದ ಕಣ್ಣು ತೆಗೆಯದೆ.

“ಗೊತ್ತಿದ್ದೂ ಯಾಕೆ ಹಾಕಲ್ಲ?”

“ಗಾಡಿ ಹಾಳಾಗ್ತದೆ.”

ಮುಂದೆ ಏನು ಕೇಳಿದರೂ ಅದೇ ಉತ್ತರ. ನಾನು ನಮ್ಮ ಡಾಕ್ಟರ್ ಸಾಹೇಬರ ಹತ್ತಿರ ಹೋದೆ. ಅವರು ಕೇಸ್ ಶೀಟಿನಿಂದ ತಲೆ ಎತ್ತದೆ, “ಡ್ರೈವರ್ ಕೆಲ್ಸ ಡ್ರೈವರ್ ಮಾಡ್ಲಿ ಸಿಸ್ಟರ್, ನಿಮ್ಮ ಕೆಲ್ಸ ನೀವು ಮಾಡಿ,” ಅಂದರು. ನನ್ನ ಕೆಲಸ ಕೆಸರಿನಲ್ಲಿ ಹೂತುಕೊಂಡಿದೆ ಸಾರ್, ಅನ್ನಬೇಕು ಅನ್ನಿಸಿತು.

ಸ್ಟೋರ್ ರೂಮಿನ ಬೀರುವಿನಲ್ಲಿ ಹುಡುಕಿದಾಗ ಜೀಪಿನ ಜೊತೆ ಬಂದಿದ್ದ ಪುಸ್ತಕ ಸಿಕ್ಕಿತು. ಯಾರೂ ಬಿಡಿಸಿ ನೋಡಿದ ಹಾಗಿರಲಿಲ್ಲ. ಮನೆಗೆ ಒಯ್ದು, ನರ್ಸಿಂಗ್ ಪರೀಕ್ಷೆಗೆ ಓದಿದ ಹಾಗೆ ಓದಿದೆ. ಅರ್ಧ ಅರ್ಥವಾಗಲಿಲ್ಲ. ಅರ್ಥವಾದದ್ದು ಇಷ್ಟು. ಸಾಮಾನ್ಯ ರಸ್ತೆಯಲ್ಲಿ ಇಂಜಿನ್ನು ಹಿಂದಿನ ಚಕ್ರಗಳನ್ನು ಮಾತ್ರ ತಿರುಗಿಸುತ್ತದೆ, ಮುಂದಿನವು ಸುಮ್ಮನೆ ಉರುಳುತ್ತವೆ. ಕೆಸರು, ಮರಳು ಬಂದಾಗ ಮೊದಲ ಗಿಡ್ಡ ರಾಡನ್ನು ಹಿಂದಕ್ಕೆ ಎಳೆದರೆ ಮುಂದಿನವೂ ಎಳೆಯತೊಡಗುತ್ತವೆ. ಅದೂ ಸಾಲದಿದ್ದರೆ ಗಾಡಿ ನಿಲ್ಲಿಸಿ ಎರಡನೆಯ ರಾಡು. ಅದಕ್ಕೆ ಮೂರು ಸ್ಥಾನ. ಒಂದರಲ್ಲಿ ಎಂದಿನ ಓಟ. ಇನ್ನೊಂದರಲ್ಲಿ ಗಾಡಿ ಆಮೆಯ ಹಾಗೆ ಹೋದರೂ ಬಲ ಎರಡು ಪಟ್ಟಿಗೂ ಮಿಗಿಲು. ನಡುವಿನ ಸ್ಥಾನದಲ್ಲಿ ಇಂಜಿನ್ನು ಎಷ್ಟು ಕೂಗಿದರೂ ಗಾಡಿ ಅಲುಗುವುದಿಲ್ಲ. ಮುಂದಿನ ಚಕ್ರಗಳನ್ನು ಸೇರಿಸದೆ ಆ ಆಮೆ ಸ್ಥಾನಕ್ಕೆ ಹೋಗಲು ರಾಡೇ ಬಿಡುವುದಿಲ್ಲ. ಇಷ್ಟು ತಿಳಿದದ್ದೇ ತಡ ಪುಸ್ತಕ ಮುಚ್ಚಿಬಿಟ್ಟೆ. ಮುಂದಿನ ಪುಟದಲ್ಲಿ ಇನ್ನೂ ನಾಲ್ಕು ಸಾಲು ಇತ್ತು. ಅದನ್ನು ಓದಲಿಲ್ಲ.

ಮುಂದಿನ ಗುರುವಾರ ಬೆಳಿಗ್ಗೆಯಿಂದಲೇ ಜಡಿಮಳೆ. ಕಾವಲು ದಾಟಿ ಒಂದು ತಗ್ಗಿಗೆ ಇಳಿದೆವು, ಅಲ್ಲೇ ಜೀಪು ಕೂತಿತು. ಹೊಲಗಳಲ್ಲಿ ಕರೆಯಲು ಒಬ್ಬರೂ ಇರಲಿಲ್ಲ. ಡ್ರೈವರಣ್ಣ ಕಲ್ಲು ತುರುಕಿದರು, ಕೊಂಬೆ ತುರುಕಿದರು, ತಮ್ಮ ಗೋಣಿಚೀಲವನ್ನೂ ಹಾಕಿದರು. ಹಿಂದಿನ ಚಕ್ರಗಳು ಅವನ್ನೆಲ್ಲ ನುಂಗಿ ಇನ್ನೂ ಆಳಕ್ಕೆ ಹೋದವು. ಒಂದು ಗಂಟೆ ಕಳೆಯಿತು. ನಾನು ಫ್ಲಾಸ್ಕಿನ ಮುಚ್ಚಳ ತೆಗೆದು ನೋಡಿದೆ. ಐಸು ಅರ್ಧ ಇಳಿದಿತ್ತು.

ಸೀಟಿನಲ್ಲಿ ಕೂತು, ಕೇಳದೆ, ಹಗ್ಗದ ಗಂಟು ಬಿಚ್ಚತೊಡಗಿದೆ.

“ಸಿಸ್ಟರ್! ಕೈ ತೆಗೀರಿ.”

“ತೆಗೆಯೋಲ್ಲ. ಈ ಸಲಾನೂ ಮದ್ದು ಚೆಲ್ಲೋಕಾಗಲ್ಲ ನನಗೆ.”

“ಏನಾದ್ರೂ ಆದ್ರೆ ನೀವು ಉತ್ತರ ಕೊಡ್ತೀರಾ? ಮೆಮೋ ಬರೋದು ನನಗೆ.”

“ಅಲ್ಲಾ ಅಣ್ಣಾ, ನಿಮ್ಮ ಕಣ್ಣೆದುರಿಗೇ ಬರೆದಿಟ್ಟಿದಾರೆ ಹೇಗೆ ಹಾಕ್ಬೇಕು ಅಂತ! ದಿನಾ ಇದೇ ಸೀಟಲ್ಲಿ ಕೂರ್ತೀರಲ್ಲ, ಒಂದು ದಿನಾನಾದ್ರೂ ಓದಿದೀರಾ?”

ನಾನು ಕಿರುಚಿಯೇ ಹೇಳಿದ್ದೆ. ಅವರು ಮಳೆಯಲ್ಲಿ ನಿಂತೇ ಇದ್ದರು. ಮುಖದ ಮೇಲಿನ ನೀರನ್ನು ಅಂಗೈಯಿಂದ ಒರೆಸಿಕೊಂಡರು.

“ಕನ್ನಡ ಆದ್ರೆ ಕೂಡಿಸ್ಕೊಂಡು ಓದ್ತೀನಿ,” ಅಂದರು. “ಇಂಗ್ಲೀಷು ಯಾರು ಕಲ್ಸಿದ್ರು ನನಗೆ?”

ನನ್ನ ಕೈ ಹಗ್ಗದ ಮೇಲೆ ಹಾಗೇ ನಿಂತಿತು. ಇಷ್ಟು ತಿಂಗಳು ಅವರದು ಹಟ ಅಂತಲೇ ತಿಳಿದುಕೊಂಡಿದ್ದೆ. ನಾಚಿಕೆಯಾಯಿತು. ಜೊತೆಗೆ, ಇದನ್ನು ಮೊದಲೇ ಬಾಯಿಬಿಟ್ಟು ಹೇಳಬಾರದಿತ್ತಾ ಅಂತ ಅವರ ಮೇಲೆ ಸಿಟ್ಟೂ ಬಂತು.

ಅವರು ಒಳಗೆ ಬಂದು ಸ್ಟಿಯರಿಂಗ್ ಹಿಂದೆ ಕೂತರು. ಆಗ ಒಂದೊಂದಾಗಿ ಹೇಳಿದರು. ಹಿಂದಿನ ಕಚೇರಿಯಲ್ಲಿ ಒಬ್ಬ ಇಂಜಿನಿಯರು ಹೊಳೆ ದಾಟುವಾಗ ಈ ರಾಡು ಎಳೆಯಲು ಹೇಳಿದರಂತೆ. ಹೊಳೆ ದಾಟಿತು. ಆಮೇಲೆ ಟಾರು ರಸ್ತೆಯಲ್ಲಿ ಗಾಡಿ ಹಿಡಿದುಕೊಂಡುಬಿಟ್ಟಿತು, ರಾಡು ವಾಪಸು ಬರಲಿಲ್ಲ, ಜಗ್ಗಿದಾಗ ಒಳಗೇನೋ ಮುರಿಯಿತು. ಇಂಜಿನಿಯರು ತಾನು ಹೇಳಿಯೇ ಇಲ್ಲ ಅಂದರು. ಗಾಡಿ ರಿಪೇರಿಯಾಯಿತು, ಆದರೆ ಇವರಿಗೆ ಮೆಮೋ ಬಂತು, ಗಾಡಿಯ ಜೊತೆಗೆ ವರ್ಗವೂ ಆಯಿತು. ಅವತ್ತೇ ಹಗ್ಗ ಕಟ್ಟಿದ್ದು.

“ನಾನು ಓದಿ ಹೇಳ್ತೀನಿ, ರಾಡು ನಾನೇ ಎಳೀತೀನಿ,” ಅಂದೆ. “ನೀವು ಕ್ಲಚ್ ಒತ್ತಿ. ಯಾರಾದ್ರೂ ಕೇಳಿದ್ರೆ ಸಿಸ್ಟರೇ ಎಳೆದಿದ್ದು ಅನ್ನಿ.”

ಅವರು ಕ್ಲಚ್ ಒತ್ತಿದರು. ಮೊದಲ ರಾಡು ತುಕ್ಕು ಹಿಡಿದಂತೆ ಬಿಗಿಯಾಗಿತ್ತು. ಎರಡೂ ಕೈ ಹಾಕಿ ಎಳೆದೆ. ಕಟಕ್ ಅಂತ ಕೂತಿತು. ಎರಡನೆಯದನ್ನು ಸರಿಸಿ, “ಈಗ ಬಿಡಿ,” ಅಂದೆ. ಇಂಜಿನ್ನು ಜೋರಾಗಿ ಕೂಗಿತು, ಗಾಡಿ ಅಲುಗಲೇ ಇಲ್ಲ. ಅವರು ನನ್ನನ್ನು ನೋಡಿದರು. ನಾನು ಫಲಕ ನೋಡಿದೆ. ರಾಡು ನಡುವಿನ ಸ್ಥಾನದಲ್ಲೇ ನಿಂತಿತ್ತು. ಮತ್ತೆ ಕ್ಲಚ್ ಒತ್ತಿಸಿ ಇನ್ನಷ್ಟು ಸರಿಸಿದೆ.

ಈ ಸಲ ಅವರು ಕ್ಲಚ್ಚನ್ನು ಮೆಲ್ಲಗೆ ಬಿಟ್ಟರು. ಮುಂದಿನ ಚಕ್ರಗಳು ಮೊದಲು ಮಣ್ಣನ್ನು ಕೆರೆದವು, ಆಮೇಲೆ ಕಚ್ಚಿದವು. ಜೀಪು ಇಂಚು ಇಂಚಾಗಿ, ಮುದುಕರು ಮಂಡಿಗೆ ಕೈ ಕೊಟ್ಟು ಏಳುವ ಹಾಗೆ, ತಗ್ಗಿನಿಂದ ಎದ್ದು ಮೇಲೆ ಬಂತು. ಡ್ರೈವರಣ್ಣನ ಬಾಯಿ ತೆರೆದೇ ಇತ್ತು. ನಾನಂತೂ ಚಿಕ್ಕ ಮಗುವಿನ ಹಾಗೆ ಚಪ್ಪಾಳೆ ತಟ್ಟಿದೆ.

ಅವತ್ತು ಮೂರು ಹಳ್ಳಿಯನ್ನೂ ಮುಗಿಸಿದೆವು. ಹಟ್ಟಿಯ ಆ ಹೆಂಗಸು ಶಾಲೆಯ ಹತ್ತಿರ ಬಂದಿರಲಿಲ್ಲ. ಜೀಪಿನಲ್ಲೇ ಹಟ್ಟಿಗೆ ಹೋಗಿ, ಅವಳ ಮನೆಯ ಬಾಗಿಲಲ್ಲೇ ಮಗುವಿಗೆ ಚುಚ್ಚಿದೆ. “ಗಾಡಿ ಇಲ್ಲಿಗೂ ಬರ್ತದಾ?” ಅಂತ ಅವಳು ಜೀಪನ್ನು ಒಂದು ಸುತ್ತು ಬಂದು ನೋಡಿದಳು.

ಎಡವಟ್ಟು ಮಾಡಿದ್ದು ವಾಪಸು ಬರುವಾಗ, ನಾನೇ. ಕೆಸರು ಮುಗಿದ ಕಡೆ ಎರಡನೆಯ ರಾಡನ್ನು ಎಂದಿನ ಓಟಕ್ಕೆ ತಂದಿದ್ದೆ. ಮಾಗಡಿ ರಸ್ತೆಯ ಟಾರಿಗೆ ಹತ್ತಿದಾಗ ಡ್ರೈವರಣ್ಣ ಕೇಳಿದರು.

“ಆ ಮೊದಲ್ನೇದನ್ನ ತೆಗೀಬೇಕೇನೋ ಸಿಸ್ಟರ್?”

“ಇರ್ಲಿ ಬಿಡಿ ಅಣ್ಣಾ. ಚೆನ್ನಾಗಿ ಹೋಗ್ತಾ ಇದೆಯಲ್ಲ. ಮಳೆ ಇನ್ನೂ ನಿಂತಿಲ್ಲ.”

ಗೆದ್ದ ಅಮಲಿನಲ್ಲಿ ಆಡಿದ ಮಾತು ಅದು. ಅವರು ಎರಡು ಸಲ ಕೇಳಲಿಲ್ಲ. ಓದಿದವಳು ಹೇಳಿದ್ದಾಳೆ ಅಂತ ನಂಬಿದರು.

ನೇರ ರಸ್ತೆಯಲ್ಲಿ ಏನೂ ಗೊತ್ತಾಗಲಿಲ್ಲ. ಮಳೆಯೂ ನಿಂತು ರಸ್ತೆ ಒಣಗುತ್ತಾ ಬಂದಿತ್ತು. ರಾಜಾಜಿನಗರದ ಬ್ಲಾಕುಗಳ ಒಳಗೆ ಬಂದು ತಿರುವು ಶುರುವಾದಾಗ ಸ್ಟಿಯರಿಂಗು ಕಲ್ಲಿನಂತಾಯಿತು. ಚಕ್ರಗಳು ಕೀರಲು ದನಿ ಮಾಡಿದವು. ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ ಗಾಡಿ ತಡೆತಡೆದು ಹೋಗುತ್ತಿತ್ತು. “ಹಿಡ್ಕೊಂತಾ ಇದೆ, ಹಿಡ್ಕೊಂತಾ ಇದೆ,” ಅಂದರು ಅವರು. ನಾನು ರಾಡನ್ನು ಮುಂದಕ್ಕೆ ತಳ್ಳಿದೆ. ಅಲುಗಲಿಲ್ಲ. ಕಾಲು ಕೊಟ್ಟು ಒದ್ದೆ. ಅವರು ಕೊನೆಯ ತಿರುವಿನಲ್ಲಿ ಸ್ಟಿಯರಿಂಗನ್ನು ಪೂರಾ ತಿರುಗಿಸಿದರು. ಕೆಳಗಡೆ ಫಳಾರ್ ಅಂತ ಸದ್ದಾಯಿತು, ಏನೋ ಕಬ್ಬಿಣ ರಸ್ತೆಗೆ ಬಡಿಯತೊಡಗಿತು.

ಅವರು ಗಾಡಿ ನಿಲ್ಲಿಸಿ, ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತರು. ಕೋಪ ಮಾಡಿಕೊಳ್ಳಲಿಲ್ಲ. “ಹೇಳಿರ್ಲಿಲ್ವಾ ಸಿಸ್ಟರ್,” ಅಂದರು ಅಷ್ಟೆ.

ಹತ್ತಿರದ ಕೈಗಾರಿಕಾ ಬಡಾವಣೆಯಲ್ಲಿ ಒಂದು ಗ್ಯಾರೇಜಿತ್ತು. ಅದರ ಮೆಕ್ಯಾನಿಕ್ಕು ಸುಮಾರು ನಲವತ್ತರ ಮನುಷ್ಯ, ಸೈನ್ಯದ ಗಾಡಿಗಳನ್ನು ರಿಪೇರಿ ಮಾಡಿ ಕಲಿತವನು. ಕೆಳಗೆ ತೂರಿ ನೋಡಿ ಎದ್ದು, “ಮುಂದಿನ ಚಕ್ರ ತಿರುಗಿಸೋ ಶಾಫ್ಟಿನ ಜಾಯಿಂಟ್ ಮುರಿದೋಗಿದೆ,” ಅಂದ. “ಟಾರಲ್ಲಿ ಫೋರ್ ವೀಲ್ ಹಾಕಿದ್ರಾ?”

ನಾನು ತಲೆಯಾಡಿಸಿದೆ. ಅವನು ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಎರಡು ಕಮಾನು ಬರೆದ, ಒಂದರ ಒಳಗೆ ಒಂದು.

“ನೋಡಿ ಮೇಡಂ. ಗಾಡಿ ತಿರುಗೋವಾಗ ಮುಂದಿನ ಚಕ್ರ ಈ ದೊಡ್ಡ ಸುತ್ತಲ್ಲಿ ಹೋಗ್ತದೆ. ಹಿಂದಿನದು ಈ ಚಿಕ್ಕದ್ರಲ್ಲಿ. ಮುಂದಿನದು ಜಾಸ್ತಿ ದೂರ ಹೋಗ್ಬೇಕು, ಹೌದಾ? ನೀವು ರಾಡು ಎಳೆದು ಎರಡನ್ನೂ ಕಟ್ಟಾಕ್ಬಿಟ್ರಿ, ಸಮಸಮ ತಿರುಗ್ರಪ್ಪಾ ಅಂತ. ಕೆಸರಲ್ಲಿ ಆದ್ರೆ ಚಕ್ರ ಸ್ವಲ್ಪ ಜಾರ್ತದೆ, ಸರಿಹೋಗ್ತದೆ. ಟಾರಲ್ಲಿ ಎಲ್ಲಿ ಜಾರ್ತದೆ? ಆ ಜೋರೆಲ್ಲ ಒಳಗೇ ಸುತ್ಕೊಂತದೆ. ಆಮೇಲೆ ರಾಡು ಬರಲ್ಲ. ಜಾಸ್ತಿ ತಿರುಗಿಸಿದ್ರೆ ಎಲ್ಲೋ ಒಂದು ಕಡೆ ಮುರೀಬೇಕು.”

“ರಾಡು ಬರ್ದಿದ್ರೆ ಏನು ಮಾಡ್ಬೇಕಿತ್ತು?” ಡ್ರೈವರಣ್ಣ ಕೇಳಿದರು.

“ರಿವರ್ಸ್ ಹಾಕಿ ಎರಡು ಮಾರು ಹಿಂದೆ ತಗೊಳ್ಳಿ. ಬಿಗಿ ಸಡಿಲ ಆಗಿ ತಾನಾಗೇ ಬರ್ತದೆ. ಟಾರ್ ಹತ್ತೋ ಮುಂಚೆ ತೆಗೆದ್ರೆ ಅದೂ ಬೇಡ.”

“ಇಷ್ಟೇನಾ?”

“ಇಷ್ಟೇ.”

ಡ್ರೈವರಣ್ಣ ಆ ಸುಣ್ಣದ ಗೆರೆಗಳನ್ನು ಬಗ್ಗಿ ನೋಡಿದರು. “ಇಷ್ಟನ್ನ ಯಾರಾದ್ರೂ ಒಂದ್ಸಲ ನನಗೆ ಹೇಳಿದ್ರೆ,” ಅಂತ ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು. ಮನೆಗೆ ಹೋಗಿ ಪುಸ್ತಕ ತೆಗೆದೆ. ನಾನು ಓದದೆ ಬಿಟ್ಟ ನಾಲ್ಕು ಸಾಲಿನಲ್ಲಿ ಇದೇ ಇತ್ತು.

ಮರುದಿನ ಡಾಕ್ಟರ್ ಸಾಹೇಬರಿಗೆ ಎಲ್ಲವನ್ನೂ ಹೇಳಿದೆ. ರಾಡು ಎಳೆದದ್ದು ನಾನು, ತೆಗೆಯುವುದು ಬೇಡ ಅಂದದ್ದೂ ನಾನು, ಡ್ರೈವರದು ತಪ್ಪಿಲ್ಲ ಅಂತ ಬರೆದುಕೊಟ್ಟೆ. ಡ್ರೈವರಣ್ಣನಿಗೆ ಮೆಮೋ ಬರಲಿಲ್ಲ, ನನಗೆ ಬಂತು. ಅದಕ್ಕೆ ನನ್ನ ತಕರಾರಿಲ್ಲ. ಆಮೇಲೆ ಮೆಕ್ಯಾನಿಕ್ಕು ಹೇಳಿದ್ದನ್ನೂ ವಿವರಿಸಿದೆ. “ಜಾಯಿಂಟ್ ಹಾಕ್ಸಿದ್ರೆ ಸಾಕು ಸಾರ್, ಈಗ ನಮ್ಮಿಬ್ಬರಿಗೂ ಗೊತ್ತಾಗಿದೆ,” ಅಂದೆ.

“ಸಿಸ್ಟರ್, ಫೋರ್ ವೀಲು ಅಂತ ಒಂದು ಇರೋದ್ರಿಂದ ತಾನೆ ಇದೆಲ್ಲ ಆಗಿದ್ದು? ಅದನ್ನೇ ತೆಗೆಸಿಬಿಡೋಣ.”

ನಾನು ತಮಾಷೆ ಅಂದುಕೊಂಡೆ. ಒಂದು ವಾರದಲ್ಲಿ ಆದೇಶವಾಯಿತು. ಮುಂದಿನ ಶಾಫ್ಟನ್ನು ಕಳಚಿ ಸ್ಟೋರ್ ರೂಮಿನಲ್ಲಿ ಇಟ್ಟರು. ಎರಡೂ ಗಿಡ್ಡ ರಾಡುಗಳನ್ನು ಬುಡದಲ್ಲಿ ಬಿಚ್ಚಿ, ತೂತಿನ ಮೇಲೆ ತಗಡು ಹೊಡೆದರು. ಕೆಲಸ ಮಾಡಿದ ಮೆಕ್ಯಾನಿಕ್ಕು ಅದೇ ಮನುಷ್ಯ. ಸ್ಕ್ರೂ ತಿರುಗಿಸುತ್ತಾ, “ಜ್ವರ ಬಂತು ಅಂತ ತಲೆ ತೆಗೆದಂಗಾಯ್ತು ಮೇಡಂ,” ಅಂದ. ನಗು ಬರಲಿಲ್ಲ ನನಗೆ.

ನಾನು ಬಿಡಲಿಲ್ಲ. ಮಳೆಗಾಲದಲ್ಲಿ ಆ ಹಳ್ಳಿಗಳಿಗೆ ಹೋಗಲು ಕೆಸರಿನಲ್ಲಿ ಓಡುವಂಥ ಬೇರೆ ವಾಹನ ಬೇಕು, ಇಲ್ಲವೇ ಶಾಫ್ಟನ್ನು ಮತ್ತೆ ಜೋಡಿಸಲು ಅಪ್ಪಣೆ ಬೇಕು ಅಂತ ಮೇಲಿನ ಕಚೇರಿಗೆ ಅರ್ಜಿ ಬರೆದೆ. ಎರಡು ತಿಂಗಳ ಮೇಲೆ ಉತ್ತರ ಬಂತು. ನಿಮ್ಮ ಕೇಂದ್ರದಲ್ಲಿ ಈಗಾಗಲೇ ನಾಲ್ಕು ಚಕ್ರ ಚಾಲನೆಯ ಜೀಪು ಇರುವುದು ದಾಖಲೆಗಳಿಂದ ಕಂಡುಬರುತ್ತದೆ, ಆದ್ದರಿಂದ ಬೇರೆ ವಾಹನದ ಪ್ರಶ್ನೆ ಉದ್ಭವಿಸುವುದಿಲ್ಲ. ಶಾಫ್ಟಿನ ವಿಷಯ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಆ ಕಾಗದವನ್ನು ಡ್ರೈವರಣ್ಣನಿಗೆ ಓದಿ ಹೇಳಿದೆ. ಅವರು ಇನ್ನೊಂದು ಸಲ ಓದಿಸಿದರು. ಆಮೇಲೆ ಬಕೆಟ್ ತೆಗೆದುಕೊಂಡು ಗಾಡಿ ತೊಳೆಯಲು ಹೋದರು.

ಹಿಂಗಾರು ಮಳೆ ಹಿಡಿದಾಗ ನಾವು ಹೂತುಕೊಳ್ಳುವುದಕ್ಕೆ ಕಾಯಲಿಲ್ಲ. ಜಾಡು ಶುರುವಾಗುವ ಕಡೆ, ಟಾರಿನ ಪಕ್ಕದಲ್ಲೇ ಜೀಪು ನಿಲ್ಲಿಸಿದರು. ಅಲ್ಲಿಂದ ಮೊದಲ ಹಳ್ಳಿಗೆ ಎರಡು ಮೈಲಿ. ನಾನು ಒಂದು ಫ್ಲಾಸ್ಕನ್ನು ಹೆಗಲಿಗೆ ಹಾಕಿಕೊಂಡು, ಇನ್ನೊಂದಕ್ಕೆ ಕೈ ಹಾಕಿದೆ. ಡ್ರೈವರಣ್ಣ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು.

“ಗಾಡಿ ಬಿಟ್ಟು ಬರೋ ಹಾಗಿಲ್ವಲ್ಲಣ್ಣಾ ನೀವು?” ಅಂದೆ.

“ಮೆಮೋ ಕೊಡ್ಲಿ,” ಅಂದರು, ಪ್ಯಾಂಟನ್ನು ಮಂಡಿಯವರೆಗೆ ಮಡಚುತ್ತಾ. ಇಸ್ತ್ರಿಯ ಗೆರೆ ಕೆಡದ ಹಾಗೆ ನಿಧಾನವಾಗಿ ಮಡಚಿದರು.

ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆವು. ಶಾಲೆ ಮುಟ್ಟಿದಾಗ ಹನ್ನೊಂದೂವರೆ. ಐಸು ಮುಕ್ಕಾಲು ಹಾಗೇ ಇತ್ತು. ಆರೇಳು ಜನ ತಾಯಂದಿರು ಕಾದಿದ್ದರು, ಕೆಲವರು ಕಾದು ಹೋಗಿದ್ದರು. ನಾನು ಸೀಮೆಎಣ್ಣೆ ಸ್ಟವ್ ಹಚ್ಚಿ ಸಿರಿಂಜುಗಳನ್ನು ಕುದಿಯಲು ಇಟ್ಟೆ. ಹೋಗಿದ್ದವರನ್ನು ಕರೆತರಲು ಡ್ರೈವರಣ್ಣ, ಯಾರೂ ಹೇಳದೆ, ಬೀದಿಗೆ ಇಳಿದರು. ನೀರು ಕುದಿಯುವವರೆಗೂ ಕಚೇರಿಯ ಆ ಕಾಗದದ ಮೇಲಿನ ನನ್ನ ಸಿಟ್ಟು ಇಳಿದಿರಲಿಲ್ಲ.